ಕಾರಿನ ಹುಚ್ಚಿರುವವರನ್ನು ಎಲೆಕ್ಟ್ರಿಕ್ ಕಾರಿಗೆ ಒಪ್ಪಿಸುವುದು ಹೇಗೆ: ಘಟ್ಟ ಮತ್ತು ಕರಾವಳಿಯವರಿಗೊಂದು ಕೈಪಿಡಿ

ಕಾರಿನ ಹುಚ್ಚಿರುವವರ ಮುಂದೆ ಪೆಟ್ರೋಲ್ ಉಳಿತಾಯದ ಲೆಕ್ಕ ತೆಗೆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಲೀಟರಿಗೆ ಒಂಬತ್ತು ಕಿ.ಮೀ. ಕೊಡುವ ಹಳೇ ಜಿಪ್ಸಿಗೆ ಊರೂರು ತಿರುಗಿ ಬಿಡಿಭಾಗ ತರುವವರು ದುಡ್ಡು ಉಳಿಸಲೆಂದು ಗಾಡಿ ಇಟ್ಟುಕೊಂಡವರಲ್ಲ. ಹೊಗೆ, ಪರಿಸರ ಎಂದರೂ ಅಷ್ಟೇ. ‘ಕರೆಂಟು ಕಲ್ಲಿದ್ದಲು ಸುಟ್ಟೇ ಬರೋದಲ್ವಾ’ ಎಂದು ಕೇಳುತ್ತಾರೆ. ಕಾಳಿ ಕಣಿವೆಯ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ವಿದ್ಯುದಾಗಾರಗಳನ್ನೂ ಕೈಗಾದ ತಲಾ 220 ಮೆಗಾವಾಟಿನ 4 ಘಟಕಗಳನ್ನೂ ತೋರಿಸಿ ನೀವು ಉತ್ತರ ಕೊಡಬಹುದು. ಉತ್ತರ ಒಪ್ಪಿದರೂ ಅವರು ಕಾರು ಬದಲಿಸುವುದಿಲ್ಲ, ಏಕೆಂದರೆ ಅವರು ಕಾರು ಆರಿಸುವುದು ಆ ಲೆಕ್ಕದ ಮೇಲೆ ಅಲ್ಲ.

ಅವರಿಗೆ ಬೇಕಿರುವುದು ಇಷ್ಟು: ಪಾದ ಒತ್ತಿದ ಕ್ಷಣಕ್ಕೆ, ಒತ್ತಿದಷ್ಟೇ ಗಾಡಿ ಮುಂದಕ್ಕೆ ನುಗ್ಗಬೇಕು; ತಿರುವಿನಲ್ಲಿ ಸ್ಟೇರಿಂಗ್ ಹೇಳಿದ ದಾರಿ ಬಿಡಬಾರದು. ಒಳ್ಳೆಯ ಎಲೆಕ್ಟ್ರಿಕ್ ಕಾರು ಈ ಎರಡನ್ನೂ ಮಾಡುತ್ತದೆ, ಅದು ಎದ್ದು ಕಾಣುವುದು ಮಾತ್ರ ಘಟ್ಟದ ರಸ್ತೆಯಲ್ಲಿ. ದೇವಿಮನೆ, ಅರಬೈಲು, ಅಣಶಿ, ಗೇರುಸೊಪ್ಪೆ ಘಟ್ಟಗಳ ಮೇಲೆ ಕೆಳಗೆ ಓಡಾಡುವ ಉತ್ತರ ಕನ್ನಡ ಜಿಲ್ಲೆಯ ನಮಗೆ ಅದಕ್ಕಾಗಿ ದೂರ ಹೋಗಬೇಕಿಲ್ಲ. ಸರಿಯಾದ ಜಾಗದಲ್ಲಿ ಸ್ಟೇರಿಂಗನ್ನು ಅವರ ಕೈಗೆ ಕೊಡುವುದು, ಆಮೇಲೆ ಅವರು ಕೇಳುವ ಪ್ರತಿ ಪ್ರಶ್ನೆಗೂ ಬಿಚ್ಚುಮನಸ್ಸಿನ ಲೆಕ್ಕ ಕೊಡುವುದು, ಇವೆರಡೇ ಕೆಲಸ.

ಟೆಸ್ಟ್ ಡ್ರೈವ್ ಘಟ್ಟದಲ್ಲೇ ಆಗಬೇಕು

ಷೋರೂಮಿನವರು ಸಾಮಾನ್ಯವಾಗಿ ಹೆದ್ದಾರಿಯಲ್ಲಿ ಹತ್ತು ನಿಮಿಷ ಓಡಿಸಲು ಕೊಡುತ್ತಾರೆ. ಕಾರವಾರ–ಅಂಕೋಲಾ ನಡುವಿನ ಚತುಷ್ಪಥದಲ್ಲಿ ಹತ್ತು ನಿಮಿಷ ಓಡಿಸಿದರೆ ‘ಸದ್ದಿಲ್ಲ, ಪಿಕಪ್ ಇದೆ’ ಎಂಬುದಕ್ಕಿಂತ ಹೆಚ್ಚೇನೂ ತಿಳಿಯದು. ವಾರದ ನಡುವಿನ ದಿನ, ಬೆಳಿಗ್ಗೆ ಏಳರ ಹೊತ್ತಿಗೆ, ಎರಡು ತಾಸಿಗೆ ಗಾಡಿ ಕೇಳಿ. ಕೊಡಲು ಒಪ್ಪದಿದ್ದರೆ ಒಂದು ದಿನಕ್ಕೆ ಸೆಲ್ಫ್ ಡ್ರೈವ್ ಬಾಡಿಗೆಗೆ ತನ್ನಿ. ಕಾರು ಕೊಳ್ಳುವ ಖರ್ಚಿನ ಮುಂದೆ ಆ ಬಾಡಿಗೆ ದೊಡ್ಡದಲ್ಲ.

ಕುಮಟಾ ಕಡೆಯಿಂದಾದರೆ ಕತಗಾಲಿನಿಂದ ದೇವಿಮನೆ ನೆತ್ತಿಯವರೆಗೆ ಹತ್ತಿ ಇಳಿಯುವುದು ಸಾಕು. ಹೊರಡುವ ಮುನ್ನ ರಸ್ತೆ ತೆರೆದಿದೆಯೇ ವಿಚಾರಿಸಿ. ಅಗಲೀಕರಣದ ಕೆಲಸಕ್ಕೂ ಮಳೆಗಾಲದ ಕುಸಿತಕ್ಕೂ ಈ ರಸ್ತೆಯನ್ನು ಮುಚ್ಚಿದ್ದಿದೆ. ಮುಚ್ಚಿದ್ದರೆ ಅಂಕೋಲಾ–ಯಲ್ಲಾಪುರ ನಡುವಿನ ಅರಬೈಲು ಆಗುತ್ತದೆ, ಆದರೆ ಅಲ್ಲಿ ಲಾರಿಗಳ ಸಾಲು ಹೆಚ್ಚು. ಬೆಳಿಗ್ಗೆ ಬೇಗ ಹೋಗಬೇಕು.

ಬ್ಯಾಟರಿ ಶೇ. 60ರಿಂದ 80ರೊಳಗಿರಲಿ. ಪೂರ್ತಿ ತುಂಬಿದ್ದರೆ ಇಳಿಯುವಾಗ ರೀಜನ್, ಎಂದರೆ ಮೋಟಾರೇ ಗಾಡಿ ತಡೆದು ಬ್ಯಾಟರಿಗೆ ಕರೆಂಟು ತುಂಬುವ ವ್ಯವಸ್ಥೆ, ಸರಿಯಾಗಿ ಕೆಲಸ ಮಾಡುವುದಿಲ್ಲ. ಟೈರಿನ ಗಾಳಿಯನ್ನು ಗಾಡಿ ತಣ್ಣಗಿರುವಾಗ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುವಷ್ಟಕ್ಕೆ ತನ್ನಿ. ಡೆಮೊ ಕಾರುಗಳ ಗಾಳಿಯನ್ನು ಯಾರೂ ನೋಡಿರುವುದಿಲ್ಲ, ಆ ಒಂದೇ ಕಾರಣಕ್ಕೆ ತಿರುವಿನಲ್ಲಿ ಗಾಡಿ ತೇಲಿದಂತೆ ಅನಿಸಿ ‘ಭಾರ ಜಾಸ್ತಿ’ ಎಂಬ ಅಭಿಪ್ರಾಯ ಕೂತುಬಿಡುತ್ತದೆ.

ಮೊದಲು ಅವರದೇ ಗಾಡಿಯಲ್ಲಿ ಅವರೇ ಹತ್ತಿ ಇಳಿಯಲಿ. ಅರ್ಧ ತಾಸು ಬಿಟ್ಟು ಅದೇ ತುಂಡು ರಸ್ತೆಯನ್ನು ಇವಿಯಲ್ಲಿ, ಎಂದರೆ ಎಲೆಕ್ಟ್ರಿಕ್ ಕಾರಿನಲ್ಲಿ. ಹತ್ತುವಾಗ ನೀವು ಏನೂ ಹೇಳಬೇಡಿ. ಕೆಳಗೆ, ನೆತ್ತಿಯಲ್ಲಿ, ಮತ್ತೆ ಕೆಳಗೆ ಬಂದಾಗ ಬ್ಯಾಟರಿಯ ಶೇಕಡಾವಾರು ಬರೆದಿಟ್ಟುಕೊಳ್ಳಿ.

ಹೇರ್‌ಪಿನ್‌ನಲ್ಲಿ, ಎಂದರೆ ರಸ್ತೆ ಪೂರ್ತಿ ಹಿಂದಕ್ಕೆ ತಿರುಗುವ ಕಡಿದಾದ ತಿರುವಿನಲ್ಲಿ, ಏನಾಗುತ್ತದೆ ಎಂಬುದೇ ಮುಖ್ಯ. ಗಾಡಿಯ ವೇಗ ಗಂಟೆಗೆ 15 ಕಿ.ಮೀ.ಗೆ ಇಳಿದಿರುತ್ತದೆ. 1.5 ಲೀಟರಿನ ಡೀಸೆಲ್ ಗಾಡಿ ಎರಡನೇ ಗೇರಿನಲ್ಲಿದ್ದರೆ ಎಂಜಿನ್ ಹೆಚ್ಚುಕಡಿಮೆ 1,000 ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ. ಅದರ ಪೂರ್ತಿ ಟಾರ್ಕ್, ಎಂದರೆ ಚಕ್ರ ತಿರುಗಿಸುವ ಬಲ, ಬರುವುದು 1,500ರ ಮೇಲೆ. ಆದ್ದರಿಂದ ಒಂದನೇ ಗೇರಿಗೆ ಇಳಿಸಬೇಕು, ಇಲ್ಲವೇ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಎಚ್ಚರಾಗುವ ತನಕ ಕಾಯಬೇಕು. ಮೋಟಾರಿಗೆ ಈ ಕಾಯುವಿಕೆಯೇ ಇಲ್ಲ. ನಿಂತಲ್ಲಿಂದಲೇ ಪೂರ್ತಿ ಟಾರ್ಕ್ ಸಿಗುತ್ತದೆ, ಗೇರು ಒಂದೇ. ತಿರುವಿನ ನಡುವೆಯೇ ಎಷ್ಟು ಬೇಕೋ ಅಷ್ಟು ಎಳೆತವನ್ನು ಪಾದದಲ್ಲೇ ಅಳೆದು ಕೊಡಬಹುದು. ಚೆನ್ನಾಗಿ ಓಡಿಸಬಲ್ಲವರಿಗೆ ಇದು ಮೂರನೇ ತಿರುವಿನೊಳಗೆ ಅರ್ಥವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ನೂರು ಮೀಟರ್ ಏರಿಗೆ ಸುಮಾರು ಶೇ. 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ; ಗಾಳಿ ತೆಳುವಾದರೂ ಮೋಟಾರಿಗೆ ವ್ಯತ್ಯಾಸವಿಲ್ಲ. ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ರೇಸಿನಲ್ಲಿ, 156 ತಿರುವು, 4,302 ಮೀಟರ್ ಎತ್ತರದ ಗುರಿ, 2018ರ ಜೂನಿನಲ್ಲಿ ರೊಮೇನ್ ಡ್ಯೂಮಾ ಎಲೆಕ್ಟ್ರಿಕ್ ಫೋಕ್ಸ್‌ವ್ಯಾಗನ್ ಐಡಿ.ಆರ್ ಅನ್ನು 7 ನಿಮಿಷ 57.148 ಸೆಕೆಂಡಿನಲ್ಲಿ ಹತ್ತಿಸಿದರು. ಅದಕ್ಕೂ ಮುಂಚಿನ ದಾಖಲೆ ಸೆಬಾಸ್ಟಿಯನ್ ಲೋಬ್ ಅವರದು, 2013ರಲ್ಲಿ ಪೆಟ್ರೋಲ್ ಗಾಡಿಯಲ್ಲಿ 8 ನಿಮಿಷ 13.878 ಸೆಕೆಂಡು. ರೇಸಿನ ಅಭಿಮಾನಿಗಳಿಗೆ ಈ ಒಂದು ಸಂಗತಿ ಹತ್ತು ಜಾಹೀರಾತಿಗಿಂತ ಹೆಚ್ಚು ಹೇಳುತ್ತದೆ.

ಯಾವ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಏರಿನಲ್ಲಿ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಮುಂದಿನ ಚಕ್ರಕ್ಕೆ ಎಳೆತವಿರುವ ಗಾಡಿಯಲ್ಲಿ ಒದ್ದೆ ಹೇರ್‌ಪಿನ್‌ನಲ್ಲಿ ಪೂರ್ತಿ ಒತ್ತಿದರೆ ಒಳಬದಿಯ ಚಕ್ರ ಸುತ್ತಿ, ಸ್ಟೇರಿಂಗ್ ಕೈಯಲ್ಲಿ ಎಳೆದಾಡುತ್ತದೆ. ನೆಕ್ಸಾನ್ ಇವಿ, ಕ್ರೆಟಾ ಎಲೆಕ್ಟ್ರಿಕ್, ವಿಂಡ್ಸರ್ ಎಲ್ಲ ಈ ಗುಂಪಿನವು. ನಿತ್ಯದ ಓಡಾಟಕ್ಕೆ ಅವು ಚೆನ್ನಾಗಿಯೇ ಇವೆ. ಆದರೆ ಓಡಿಸುವ ಹುಚ್ಚಿರುವವರಿಗೆ, ಕೈಗೆಟುಕುವುದಾದರೆ, ಹಿಂದಿನ ಚಕ್ರಕ್ಕೆ ಎಳೆತವಿರುವ ಮಹೀಂದ್ರ ಬಿಇ 6 ಅಥವಾ ಎಕ್ಸ್‌ಇವಿ 9ಇ ತೋರಿಸಿ. 79 ಯೂನಿಟ್ (ಕಿಲೋವಾಟ್-ಅವರ್) ಬ್ಯಾಟರಿಯದಕ್ಕೆ 210 ಕಿಲೋವಾಟ್ ಶಕ್ತಿ, 380 ಎನ್‌ಎಂ ಟಾರ್ಕ್. ನಾಲ್ಕೂ ಚಕ್ರ ಬೇಕೆನ್ನುವವರಿಗೆ ಎರಡು ಮೋಟಾರಿನ ಹ್ಯಾರಿಯರ್ ಇವಿ ಇದೆ.

ಇಳಿಯುವಾಗ ರೀಜನ್ ಅನ್ನು ಗರಿಷ್ಠಕ್ಕೆ ಹಾಕಿಸಿ. ಬ್ರೇಕು ಮುಟ್ಟದೆ, ಪಾದ ಎತ್ತುವುದು ಇಳಿಸುವುದರಲ್ಲೇ ಘಟ್ಟ ಇಳಿಯಬಹುದು. ಬ್ರೇಕು ಕಾದ ವಾಸನೆ ಬರುವುದಿಲ್ಲ. ಕೆಳಗೆ ತಲುಪಿದಾಗ ಬ್ಯಾಟರಿ ಶೇ. 2ರಿಂದ 3ರಷ್ಟು ಏರಿರುತ್ತದೆ. ಇದರ ಹಿಂದಿನ ಲೆಕ್ಕ ಹೀಗೆ: ಜನರೂ ಸೇರಿ 1,700 ಕೆ.ಜಿ.ಯ ಗಾಡಿ ಸಮುದ್ರಮಟ್ಟದಿಂದ 590 ಮೀಟರ್ ಎತ್ತರದ ಶಿರಸಿಗೆ ಏರಲು ಎತ್ತರಕ್ಕೇ 2.7 ಯೂನಿಟ್ ಬೇಕು. ಇಳಿಯುವಾಗ ಅದರಲ್ಲಿ ಒಂದು ಪಾಲು ಟೈರು ಮತ್ತು ಗಾಳಿಯ ತಡೆಗೆ ಹೋಗುತ್ತದೆ. ಕಡಿದಾದ ಹತ್ತು ಕಿ.ಮೀ.ನಲ್ಲಿ ಒಂದು ಯೂನಿಟ್‌ಗಿಂತ ತುಸು ಹೆಚ್ಚು ವಾಪಸು ಬರುತ್ತದೆ. ‘ಹತ್ತಿದ್ದೆಲ್ಲ ಇಳಿವಾಗ ಸಿಗುತ್ತೆ’ ಎಂದು ಯಾರಾದರೂ ಹೇಳಿದರೆ ಅದು ಉತ್ಪ್ರೇಕ್ಷೆ; ನೀವು ಹಾಗೆ ಹೇಳಬೇಡಿ. ಓಡಿಸಿದವರು ಮೀಟರು ನೋಡಿಯೇ ಇರುತ್ತಾರೆ.

ಮಳೆಯಲ್ಲಿ ಮಾತ್ರ ರೀಜನ್ ಅನ್ನು ಒಂದು ಅಥವಾ ಎರಡನೇ ಹಂತಕ್ಕೆ ಇಳಿಸಬೇಕು. ಎಲೆ, ಪಾಚಿ, ಕೆಸರು ಬಿದ್ದ ತಿರುವಿನಲ್ಲಿ ಮುಂದಿನ ಚಕ್ರಗಳಷ್ಟೇ ಜೋರಾಗಿ ತಡೆದರೆ ಗಾಡಿ ನೇರಕ್ಕೆ ಜಾರುತ್ತದೆ. ಬ್ರೇಕು ಹಿಡಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಕೆಲಸ ಮಾಡಿದ ಕ್ಷಣ ರೀಜನ್ ಕಡಿದುಹೋಗಿ ಗಾಡಿ ಮುಂದಕ್ಕೆ ಬಿಟ್ಟಂತಾಗುವುದೂ ಉಂಟು. ಆಗ ಬ್ರೇಕನ್ನು ಇನ್ನೂ ಗಟ್ಟಿಯಾಗಿ ಒತ್ತಬೇಕು, ಗಾಬರಿಯಿಂದ ಬಿಡಬಾರದು. ಇದನ್ನು ಓಡಿಸುವ ಮೊದಲೇ ಹೇಳಿಬಿಡಿ.

ಕಳೆದುಕೊಳ್ಳುವುದನ್ನು ನೀವೇ ಮೊದಲು ಹೇಳಿ

ಎಂಜಿನ್ ಸದ್ದು ಹೋಗುತ್ತದೆ. ಗೇರು ಬದಲಿಸುವ ಕೈ-ಕಾಲಿನ ಲಯ ಹೋಗುತ್ತದೆ. ಇವೆರಡಕ್ಕೂ ಪೂರ್ತಿ ಬದಲಿ ಇಲ್ಲ. ಸ್ಪೀಕರಿನಿಂದ ಸದ್ದು ಬರಿಸುವ ಗಾಡಿಗಳಿವೆ. ಹ್ಯುಂಡೈ 2023ರಲ್ಲಿ ತೋರಿಸಿದ ಅಯಾನಿಕ್ 5 ಎನ್ ಗಾಡಿಯಲ್ಲಂತೂ 8 ಗೇರಿನ ಪೆಟ್ಟಿಗೆಯ ಜರ್ಕನ್ನೇ ಮೋಟಾರಿನಿಂದ ನಟಿಸುವ ವ್ಯವಸ್ಥೆ ಇದೆ. ಕಾರ್ಖಾನೆಯವರೇ ಈ ಕೊರತೆಯನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂಬುದಕ್ಕೆ ಇದು ಸಾಕ್ಷಿ. ಹಾಗಿರುವಾಗ ‘ಸದ್ದಿಲ್ಲದಿದ್ದರೇ ಒಳ್ಳೇದು’ ಎಂದು ವಾದಿಸುವುದು ಅವರ ಪ್ರೀತಿಯನ್ನು ಸಣ್ಣದು ಮಾಡಿದಂತೆ.

ಭಾರವೂ ನಿಜ. ಬ್ಯಾಟರಿ ನೆಲದಡಿ ಇರುವುದರಿಂದ ತಿರುವಿನಲ್ಲಿ ಗಾಡಿ ಕಡಿಮೆ ವಾಲುತ್ತದೆ, ಆದರೆ ಅದೇ ಅಳತೆಯ ಪೆಟ್ರೋಲ್ ಗಾಡಿಗಿಂತ ಇನ್ನೂರು ಮುನ್ನೂರು ಕೆ.ಜಿ. ಹೆಚ್ಚು ತೂಗುತ್ತದೆ. ಟೈರು ಬೇಗ ಸವೆಯುತ್ತದೆ. ಪ್ರತಿ 8,000 ಕಿ.ಮೀ.ಗೆ ಟೈರು ಅದಲುಬದಲು, ಅಲೈನ್‌ಮೆಂಟ್ ಮಾಡಿಸಬೇಕು. ಬದಲಿಸುವಾಗ ಕಂಪನಿ ಹೇಳಿದ ಲೋಡ್ ಇಂಡೆಕ್ಸ್‌ಗಿಂತ (ಟೈರು ಹೊರಬಲ್ಲ ಭಾರದ ಸಂಖ್ಯೆ) ಕಡಿಮೆಯದು ಹಾಕಬಾರದು. ಚೆಂದಕ್ಕೆ ಅಗಲದ ಟೈರು ಹಾಕಿದರೆ ರೇಂಜು, ಎಂದರೆ ಒಂದು ಚಾರ್ಜಿನಲ್ಲಿ ಓಡುವ ದೂರ, ಕಡಿಮೆಯಾಗುತ್ತದೆ.

ರೇಂಜಿನ ಲೆಕ್ಕ, ಊರಿನ ಹೆಸರಿನಲ್ಲೇ

ಬ್ರೋಷರಿನಲ್ಲಿ ಬರೆದ ಕಿಲೋಮೀಟರನ್ನು ಶೇ. 65ರಿಂದ 70ಕ್ಕೆ ಇಳಿಸಿ, ಅದೇ ನಿಜವೆಂದು ಇಟ್ಟುಕೊಳ್ಳಿ. ಅದಕ್ಕಿಂತ ಒಳ್ಳೆಯ ದಾರಿ ಯೂನಿಟ್ ಲೆಕ್ಕ. ಸಣ್ಣ ಎಸ್‌ಯುವಿ ಅಳತೆಯ ಇವಿ ಗಂಟೆಗೆ 80 ಕಿ.ಮೀ.ನಲ್ಲಿ ನೂರು ಕಿ.ಮೀ.ಗೆ ಸುಮಾರು 13 ಯೂನಿಟ್ ತಿನ್ನುತ್ತದೆ. 100ರಲ್ಲಿ 16, 120ರಲ್ಲಿ 20ಕ್ಕೂ ಹೆಚ್ಚು. ಗಾಳಿಯ ತಡೆ ವೇಗದ ವರ್ಗದಂತೆ ಏರುವುದೇ ಕಾರಣ. ಘಟ್ಟಕ್ಕಿಂತ ಹೆದ್ದಾರಿಯೇ ಹೆಚ್ಚು ಬ್ಯಾಟರಿ ತಿನ್ನುತ್ತದೆ ಎಂಬುದು ಹಲವರಿಗೆ ಅಚ್ಚರಿ.

45 ಯೂನಿಟ್ ಬ್ಯಾಟರಿಯ ಗಾಡಿ ಇಟ್ಟುಕೊಂಡು ನೋಡಿ. ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿಬರುವುದು ಸುಮಾರು 200 ಕಿ.ಮೀ., 80ರ ವೇಗದಲ್ಲಿ 26 ಯೂನಿಟ್. ದಾರಿಯಲ್ಲಿ ಚಾರ್ಜೇ ಬೇಡ. ಕಾರವಾರದಿಂದ ಮಡಗಾಂವಿಗೆ ಹೋಗಿಬರುವುದು ಅದಕ್ಕಿಂತಲೂ ಸುಲಭ. ಶಿರಸಿಯಿಂದ ಹಾವೇರಿ ಮೇಲೆ ಬೆಂಗಳೂರಿಗೆ 400 ಕಿ.ಮೀ. ಆಸುಪಾಸು, 100ರ ವೇಗದಲ್ಲಿ 64 ಯೂನಿಟ್. ಅಂದರೆ ಮನೆಯಿಂದ ಪೂರ್ತಿ ತುಂಬಿಕೊಂಡು ಹೊರಟು, ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿ ಒಂದು ಊಟದ ಹೊತ್ತು, ಮುಕ್ಕಾಲರಿಂದ ಒಂದು ತಾಸು, ಡಿಸಿ ಚಾರ್ಜರಿನಲ್ಲಿ (ಬೇಗ ತುಂಬುವ ಸಾರ್ವಜನಿಕ ಚಾರ್ಜರ್) ನಿಲ್ಲಲೇಬೇಕು. ಶೇ. 80 ದಾಟಿದ ಮೇಲೆ ಚಾರ್ಜು ನಿಧಾನವಾಗುವುದರಿಂದ ಅಲ್ಲಿಂದ ಮುಂದೆ ಕಾಯುವುದು ವ್ಯರ್ಥ. ತುಮಕೂರಿನ ಹತ್ತಿರ ಹದಿನೈದು ನಿಮಿಷದ ಇನ್ನೊಂದು ನಿಲುಗಡೆ ಇಟ್ಟುಕೊಳ್ಳುವುದೇ ಲೇಸು. ಚಾರ್ಜರಿನ ಆ್ಯಪಿನಲ್ಲಿ ‘ಲಭ್ಯ’ ಎಂದಿದ್ದರೆ ಸಾಲದು, ಕೊನೆಯ ಯಶಸ್ವಿ ಚಾರ್ಜು ಯಾವತ್ತಿನದು ಎಂದು ನೋಡಿ. ಪ್ರತಿ ನಿಲುಗಡೆಗೂ ಇಪ್ಪತ್ತು ಕಿ.ಮೀ.ಯೊಳಗೆ ಇನ್ನೊಂದು ಚಾರ್ಜರ್ ಗೊತ್ತಿರಬೇಕು. ಎರಡು ಗನ್ನಿನ (ಕಾರಿಗೆ ಸಿಕ್ಕಿಸುವ ಪ್ಲಗ್ಗಿನ) ಚಾರ್ಜರಿನಲ್ಲಿ ಇನ್ನೊಂದು ಗಾಡಿ ನಿಂತಿದ್ದರೆ ಶಕ್ತಿ ಹಂಚಿಹೋಗಿ ಸಮಯ ಇಮ್ಮಡಿಯಾಗಬಹುದು.

ಮಳೆಗಾಲದಲ್ಲಿ ನಮ್ಮ ಜಿಲ್ಲೆಗೆ ಬೇರೆಯೇ ನಿಯಮ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ದೇವಿಮನೆ ಮುಚ್ಚಿದರೆ ಕುಮಟಾದಿಂದ ಶಿರಸಿಗೆ ಅಂಕೋಲಾ–ಯಲ್ಲಾಪುರ ಸುತ್ತಿ ಹೋಗಬೇಕಾಗುತ್ತದೆ, ಅರವತ್ತು ಕಿ.ಮೀ. ದಾರಿ ಎರಡೂವರೆ ಪಟ್ಟಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುರಿ ಮುಟ್ಟಿದಾಗ ಶೇ. 35–40 ಉಳಿಯುವಂತೆ ಯೋಜಿಸಿ.

ಮನೆಯ ಕರೆಂಟು: ಇಲ್ಲೇ ಹೆಚ್ಚಿನ ಗಾಡಿಗಳು ಬೇಡವಾಗುವುದು

ಗಾಡಿ ಇಷ್ಟವಾಗಿ, ಬುಕ್ ಮಾಡಿ, ಮನೆಗೆ ಬಂದ ಮೇಲೆ ಚಾರ್ಜ್ ಆಗದಿದ್ದರೆ ಆ ಊರಿನಲ್ಲಿ ಇನ್ನಾರೂ ಇವಿ ತರುವುದಿಲ್ಲ. ಆದ್ದರಿಂದ ಘಟ್ಟಕ್ಕೆ ಕರೆದೊಯ್ಯುವ ಮೊದಲೇ ಅವರ ಮನೆಯ ಲೈನು ನೋಡಿ.

ಒಂದು ಮಲ್ಟಿಮೀಟರ್ ಸಾಕು. ಸಂಜೆ ಏಳರಿಂದ ಒಂಬತ್ತರೊಳಗೆ, ಮತ್ತೆ ರಾತ್ರಿ ಹನ್ನೊಂದರ ನಂತರ, ಕಾರು ನಿಲ್ಲುವ ಜಾಗದ ಸಾಕೆಟ್ಟಿನಲ್ಲಿ ಅಳೆಯಿರಿ. ಫೇಸ್–ನ್ಯೂಟ್ರಲ್ ನಡುವೆ 216ರಿಂದ 244 ವೋಲ್ಟ್ ಇರಬೇಕು, 230ರ ಮೇಲೆ ಕೆಳಗೆ ಶೇ. 6 ಎಂಬುದು ನಿಯಮ. ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು. ನ್ಯೂಟ್ರಲ್–ಅರ್ಥ್ ನಡುವೆ ಐದು ವೋಲ್ಟ್ ಮೀರಿದರೆ ಅರ್ಥಿಂಗ್ ಸರಿಯಿಲ್ಲ ಅಥವಾ ನ್ಯೂಟ್ರಲ್ ಸಡಿಲವಿದೆ. ಹೊಸ ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುವುದಕ್ಕೆ ಮುಖ್ಯ ಕಾರಣ ಅರ್ಥಿಂಗು. ಎರಡನೆಯದು ಫೇಸ್, ನ್ಯೂಟ್ರಲ್ ಅದಲುಬದಲಾಗಿರುವುದು. ತೋಟದ ನಡುವಿನ ಮನೆಗಳಲ್ಲಿ ಟ್ರಾನ್ಸ್‌ಫಾರ್ಮರ್ ದೂರವಿರುವುದರಿಂದ ಸಂಜೆ ವೋಲ್ಟೇಜು 180ಕ್ಕೆ ಇಳಿಯುವುದುಂಟು. ರಾತ್ರಿ ಸರಿಯಾಗುವುದಾದರೆ ಗಾಡಿಯ ಟೈಮರನ್ನು ಹನ್ನೊಂದೂವರೆಗೆ ಇಟ್ಟರೆ ಮುಗಿಯಿತು.

ಎಷ್ಟು ದೊಡ್ಡ ಚಾರ್ಜರ್ ಬೇಕು? 15 ಆಂಪಿಯರ್ ಸಾಕೆಟ್ಟಿನ 3.3 ಕಿಲೋವಾಟ್‌ನಲ್ಲಿ ಹತ್ತು ತಾಸಿಗೆ 30 ಯೂನಿಟ್ ಸುಮಾರು ತುಂಬುತ್ತದೆ, ಎಂದರೆ ಇನ್ನೂರು ಕಿ.ಮೀ.ಯ ಓಟ. ಹೆಚ್ಚಿನ ಮನೆಗಳಿಗೆ ಇದೇ ಸಾಕು, ಲೈನಿನ ಮೇಲೂ ಹೊರೆ ಕಡಿಮೆ. 32 ಆಂಪಿಯರಿನ 7.2 ಕಿಲೋವಾಟ್ ಗೋಡೆ ಚಾರ್ಜರ್ ಬೇಕೆಂದರೆ ಕರೆಂಟ್ ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ನೋಡಿ. ಸಾಲದಿದ್ದರೆ ಹೆಸ್ಕಾಂ ಉಪವಿಭಾಗದಲ್ಲಿ ಹೆಚ್ಚಿಸಲು ಅರ್ಜಿ ಕೊಡಬೇಕು.

ವೈರು ದಪ್ಪ ಇರಬೇಕು. ಮೀಟರಿನಿಂದ ಕಾರಿನ ಶೆಡ್ಡಿಗೆ 50 ಮೀಟರ್ ಇದ್ದು 6 ಚದರ ಮಿ.ಮೀ. ತಾಮ್ರದ ವೈರು ಎಳೆದರೆ 32 ಆಂಪಿಯರಿನಲ್ಲಿ ಹತ್ತು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 10 ಚದರ ಮಿ.ಮೀ.ನದಾದರೆ ಆರು. 3.3 ಕಿಲೋವಾಟಿಗೆ 4 ಚದರ ಮಿ.ಮೀ. ಸಾಕು. ಮೀಟರಿನ ಬಳಿಯಿಂದ ಬೇರಾವುದಕ್ಕೂ ಜೋಡಿಸದ ಪ್ರತ್ಯೇಕ ಲೈನು, ಅದಕ್ಕೇ ಎಂಸಿಬಿ, 3.3ಕ್ಕೆ 20 ಆಂಪಿಯರ್, 7.2ಕ್ಕೆ 40. ಜೊತೆಗೆ ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅದು ಟೈಪ್ ಎ ಆಗಿರಬೇಕು, ಚಾರ್ಜರಿನಲ್ಲಿ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಹಿಡಿಯುವ ವ್ಯವಸ್ಥೆ ಇರಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಟೈಪ್ ಎಸಿಯದು ಡಿಸಿ ಸೋರಿದರೆ ಮಂಕಾಗಿ, ಶಾಕ್ ಹೊಡೆಯುವಾಗ ಬೀಳದೇ ಇರಬಹುದು. ಎಲೆಕ್ಟ್ರಿಷಿಯನ್ ‘ಎಲ್ಲಾ ಒಂದೇ’ ಎಂದರೆ ಒಪ್ಪಬೇಡಿ.

ಸಾಕೆಟ್ಟು ಕರಗುವುದು ಸಾಮಾನ್ಯ ತೊಂದರೆ. ಗೀಸರ್ ಅರ್ಧ ತಾಸು ಓಡುತ್ತದೆ, ಕಾರು ಹತ್ತು ತಾಸು. ಸ್ಕ್ರೂ ತುಸು ಸಡಿಲವಿದ್ದರೂ ಬಿಸಿ ಏರುತ್ತಲೇ ಹೋಗುತ್ತದೆ. ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ಟು ಹಾಕಿಸಿ, ಮೊದಲ ದಿನ ಒಂದು ತಾಸಿನ ನಂತರ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ನಿಲ್ಲಿಸಿ. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ.

ಅರ್ಥಿಂಗಿಗೆ ನಮ್ಮ ಚಿರೆಕಲ್ಲಿನ ನೆಲ ಕಷ್ಟದ್ದು. ಮಳೆಗಾಲದಲ್ಲಿ ಚೆನ್ನಾಗಿರುವ ಅರ್ಥಿಂಗು ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ಕೈಕೊಡುತ್ತದೆ. ಹಾಗಾಗಿ ಪರೀಕ್ಷೆಯನ್ನು ಬೇಸಿಗೆಯಲ್ಲೇ ಮಾಡಿಸಿ. ಅರ್ಥ್ ಟೆಸ್ಟರಿನಲ್ಲಿ 5 ಓಮ್‌ಗಿಂತ ಕಡಿಮೆ ಬರಬೇಕು. ಮೂರು ಮೀಟರ್ ಉದ್ದದ, ತಾಮ್ರದ ಲೇಪವಿರುವ ರಾಡು ಇಳಿಸಿ, ಸುತ್ತ ಬೆಂಟೊನೈಟ್ ಜೇಡಿಮಣ್ಣು ತುಂಬಿಸಿ. ಇದ್ದಿಲು-ಉಪ್ಪು ಹಾಕುವ ಹಳೇ ಪದ್ಧತಿಯಲ್ಲಿ ಉಪ್ಪು ಕೆಲವೇ ವರ್ಷಗಳಲ್ಲಿ ರಾಡನ್ನು ತಿನ್ನುತ್ತದೆ. 5 ಓಮ್ ಬರದಿದ್ದರೆ ಮೂರು ಮೀಟರಿಗಿಂತ ದೂರದಲ್ಲಿ ಇನ್ನೊಂದು ರಾಡು ಹಾಕಿ ಎರಡನ್ನೂ ಜೋಡಿಸಬೇಕು. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಗುಡುಗು ಹತ್ತಿರವಾದರೆ ಪ್ಲಗ್ ತೆಗೆದಿಡಿ.

ದುಡ್ಡಿನ ಒಂದು ವಿಷಯ ಮಾತ್ರ ಮೊದಲೇ ಹೇಳಬೇಕು. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ ಚಾರ್ಜಿಂಗ್ ನಷ್ಟವೂ ಸೇರಿ ಸುಮಾರು 170 ಯೂನಿಟ್ ಬೇಕು. ಗೃಹಜ್ಯೋತಿಯಲ್ಲಿರುವ ಮನೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಹಾಗೆಂದು ತೋಟದ ಪಂಪ್‌ಸೆಟ್ ಲೈನಿನಿಂದ ಚಾರ್ಜ್ ಮಾಡಬಾರದು. ಅದು ಕಾನೂನುಬಾಹಿರ, ಆ ಲೈನಿಗೆ ಸರಿಯಾದ ಅರ್ಥಿಂಗೂ ಇರುವುದಿಲ್ಲ.

ಘಟ್ಟದ ಮೇಲಿನವರಿಗೆ ಇನ್ನೊಂದು ಮಾತು. ಮನೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿದ್ದು ಮರುದಿನ ಕೆಳಗೆ ಇಳಿಯುವುದಿದ್ದರೆ ಚಾರ್ಜನ್ನು ಶೇ. 90ಕ್ಕೆ ನಿಲ್ಲಿಸಿ. ಪೂರ್ತಿ ತುಂಬಿದ ಬ್ಯಾಟರಿಗೆ ರೀಜನ್ ಕರೆಂಟು ಇಳಿಸಲು ಜಾಗವಿರುವುದಿಲ್ಲ. ಪಾದ ಎತ್ತಿದರೂ ಗಾಡಿ ತಡೆಯುವುದಿಲ್ಲ, ಅಭ್ಯಾಸವಾದವರಿಗೆ ಅದು ಅಪಾಯ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯ ಗಾಡಿಗಳಿಗೆ ಆಗಾಗ ಶೇ. 100 ತುಂಬಬೇಕು, ಇಲ್ಲದಿದ್ದರೆ ಶೇಕಡಾವಾರು ತಪ್ಪು ತೋರಿಸತೊಡಗುತ್ತದೆ. ಅದನ್ನು ಘಟ್ಟ ಇಳಿಯದ ದಿನಕ್ಕೆ ಇಟ್ಟುಕೊಳ್ಳಿ.

ಉಪ್ಪುಗಾಳಿ, ನೆರೆನೀರು, ಇಲಿ

ರೀಜನ್ ಇರುವುದರಿಂದ ಬ್ರೇಕ್ ಪ್ಯಾಡು ಬಳಕೆಯಾಗುವುದೇ ಅಪರೂಪ. ಘಟ್ಟದ ಮೇಲೆ ಅದು ಲಾಭ, ಕರಾವಳಿಯಲ್ಲಿ ತೊಂದರೆ: ಉಪ್ಪುಗಾಳಿಗೆ ಡಿಸ್ಕು ತುಕ್ಕು ಹಿಡಿದು, ಕ್ಯಾಲಿಪರಿನ ಪಿನ್ನು ಅಂಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಹಿಂದೆ ಗಾಡಿಯಿಲ್ಲದ ಕಡೆ ರೀಜನ್ ಸೊನ್ನೆ ಮಾಡಿ 60ರಿಂದ 20ಕ್ಕೆ ಐದಾರು ಸಲ ಗಟ್ಟಿಯಾಗಿ ಬ್ರೇಕು ಹಿಡಿಯಿರಿ. ಬ್ರೇಕ್ ಪೆಡಲೇ ಮೊದಲು ರೀಜನ್ ಬಳಸುವ ಗಾಡಿಗಳಲ್ಲಿ ಜೋರಾಗಿ ಒತ್ತಿದರೆ ಮಾತ್ರ ಪ್ಯಾಡು ತಾಗುತ್ತದೆ. ಮಳೆಗಾಲ ಮುಗಿದ ಮೇಲೆ ಪಿನ್ನು ಬಿಚ್ಚಿಸಿ, ಒರೆಸಿ, ಬ್ರೇಕಿನ ಸಿಲಿಕಾನ್ ಗ್ರೀಸ್ ಹಚ್ಚಿಸಿ. ಬ್ರೇಕ್ ಆಯಿಲ್ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಬ್ಯಾಟರಿಗೆ ಐಪಿ67 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ಪರೀಕ್ಷಿಸಲಾಗಿದೆ ಎಂದರ್ಥ, ಅದೂ ಸಿಹಿನೀರಿನಲ್ಲಿ, ಹೊಸ ಬ್ಯಾಟರಿಯನ್ನು. ಅಳಿವೆಯ ಹತ್ತಿರದ ಉಪ್ಪುನೆರೆಗೆ ಅದನ್ನು ನಂಬಿ ಇಳಿಯಬಾರದು. ಉಪ್ಪುನೀರು ಒಳಹೊಕ್ಕ ಬ್ಯಾಟರಿ ದಿನಗಳ ನಂತರ ಹೊತ್ತಿಕೊಂಡದ್ದಿದೆ. ಹಾಗೆ ಮುಳುಗಿದ ಗಾಡಿಯನ್ನು ಸ್ಟಾರ್ಟ್ ಮಾಡದೆ, ಚಾರ್ಜಿಗೆ ಹಾಕದೆ, ಮನೆಯಿಂದ ದೂರ ಬಯಲಲ್ಲಿ ನಿಲ್ಲಿಸಿ ಸರ್ವಿಸಿನವರನ್ನು ಕರೆಸಬೇಕು. ಸಮುದ್ರದಂಡೆಯ ಮರಳಿಗೂ ಇಳಿಸಬೇಡಿ. ಗಾಡಿಯ ಹೊಟ್ಟೆ ಚಿರೆಕಲ್ಲಿಗೆ ತಾಗಿದರೆ ಅದೇ ದಿನ ಲಿಫ್ಟಿನ ಮೇಲೆ ಎತ್ತಿಸಿ ಬ್ಯಾಟರಿ ತಟ್ಟೆ ನೆಗ್ಗಿದೆಯೇ ನೋಡಿಸಿ. ಮಲೆನಾಡಿನ ಕೊಟ್ಟಿಗೆ, ಶೆಡ್ಡುಗಳಲ್ಲಿ ಇಲಿ ಕಿತ್ತಳೆ ಬಣ್ಣದ ಕೇಬಲನ್ನೂ ಬಿಡುವುದಿಲ್ಲ. ಬಾನೆಟ್ಟಿನ ಕೆಳಗೆ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆ ಕಟ್ಟಿಸಿ.

ಕೈಗೆ ಕೆಲಸ ಬೇಕೆನ್ನುವವರಿಗೆ

ಭಾನುವಾರ ಬಾನೆಟ್ ತೆಗೆಯುವ ಸುಖ ಹೋಗುತ್ತದಲ್ಲ ಎಂಬ ಕೊರಗು ಸಣ್ಣದಲ್ಲ. ಕಿತ್ತಳೆ ಕೇಬಲ್ ಹೋದಲ್ಲೆಲ್ಲ ಕೈ ಹಾಕುವಂತಿಲ್ಲ. ಮುನ್ನೂರು ನಾನೂರು ವೋಲ್ಟ್ ಅಥವಾ ಹೆಚ್ಚು, ಒಂದು ತಪ್ಪಿಗೆ ಜೀವ ಹೋದೀತು. ಆದರೆ ಸಸ್ಪೆನ್ಷನ್, ಟೈರು, ಬ್ರೇಕು, ಅಲೈನ್‌ಮೆಂಟ್ ಎಲ್ಲ ಮೊದಲಿನಂತೆಯೇ ಇವೆ. ಬ್ಲೂಟೂತ್ ಒಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಣ್ಣ ಸಾಧನ) ಹಾಕಿ ಫೋನಿನಲ್ಲಿ ಪ್ರತಿ ಸೆಲ್ಲಿನ ವೋಲ್ಟೇಜು, ಬ್ಯಾಟರಿಯ ಉಷ್ಣತೆ ನೋಡಬಹುದಾದ ಗಾಡಿಗಳಿವೆ. ಅರ್ಧ ಚಾರ್ಜಿನಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಸೆಲ್ಲಿನ ನಡುವಿನ ಅಂತರ ಇಪ್ಪತ್ತು ಮಿಲಿವೋಲ್ಟಿನೊಳಗಿದ್ದರೆ ಬ್ಯಾಟರಿ ಆರೋಗ್ಯವಾಗಿದೆ. ತಿಂಗಳಿಗೊಮ್ಮೆ ಬರೆದಿಟ್ಟುಕೊಂಡರೆ ವಾರಂಟಿ ಕೇಳುವಾಗಲೂ ಕೆಲಸಕ್ಕೆ ಬರುತ್ತದೆ.

ಇವಿ ‘ಸತ್ತು’ ನಿಲ್ಲುವುದಕ್ಕೆ ದೊಡ್ಡ ಬ್ಯಾಟರಿಗಿಂತ 12 ವೋಲ್ಟಿನ ಸಣ್ಣ ಬ್ಯಾಟರಿಯೇ ಹೆಚ್ಚು ಸಲ ಕಾರಣ. ಅದು ಖಾಲಿಯಾದರೆ ಕಂಪ್ಯೂಟರು ಏಳುವುದಿಲ್ಲ, ದೊಡ್ಡ ಬ್ಯಾಟರಿಯ ಸ್ವಿಚ್ಚು ಸೇರುವುದಿಲ್ಲ. ನಿಂತ ಗಾಡಿಯಲ್ಲಿ 12.4 ವೋಲ್ಟ್ ಇರಬೇಕು. 12ಕ್ಕಿಂತ ಇಳಿದರೆ ಚಾರ್ಜ್ ಮಾಡಿಸಿ, ಮೂರು ನಾಲ್ಕು ವರ್ಷಕ್ಕೆ ಬದಲಿಸಿ. ಹೆಚ್ಚುವರಿ ದೀಪ, ಆಂಪ್ಲಿಫೈಯರ್ ಹಾಕಲು ವೈರು ಕತ್ತರಿಸಿದರೆ ವಾರಂಟಿ ಹೋಗುತ್ತದೆ, ಇನ್ಸುಲೇಷನ್ ದೋಷವೆಂದು ಗಾಡಿ ನಿಂತೂಬಿಡಬಹುದು.

ಹಳೇ ಗಾಡಿ ಮಾರು ಎನ್ನಬೇಡಿ

ಒಪ್ಪಿಸುವಾಗ ಎಲ್ಲಕ್ಕಿಂತ ಹೆಚ್ಚು ಕೆಡಿಸುವ ಮಾತು ‘ಅದನ್ನು ಕೊಟ್ಟು ಇದನ್ನು ತಗೋ’. ಪ್ರೀತಿಯ ಗಾಡಿ ಅಂಗಳದಲ್ಲೇ ಇರಲಿ. ಮನೆಯಲ್ಲಿ ಪೇಟೆ, ಶಾಲೆ, ಸೊಸೈಟಿ, ಆಸ್ಪತ್ರೆ ಎಂದು ನಿತ್ಯ ಓಡುವ ಎರಡನೇ ಗಾಡಿಯ ಜಾಗಕ್ಕೆ ಇವಿ ಬರಲಿ. ದಿನಾ ಘಟ್ಟ ಹತ್ತಿ ಇಳಿಯುವ ಕೆಲಸ ಯಾವುದಕ್ಕೆ ಬೀಳುತ್ತದೆ ಎಂದು ಅವರೇ ತೀರ್ಮಾನಿಸಲಿ. ತಿಂಗಳುಗಟ್ಟಲೆ ನಿಲ್ಲುವ ಹಳೇ ಪೆಟ್ರೋಲ್ ಗಾಡಿಯನ್ನು ಎರಡು ವಾರಕ್ಕೊಮ್ಮೆ ಇಪ್ಪತ್ತು ಕಿ.ಮೀ. ಓಡಿಸಬೇಕು, ಟ್ಯಾಂಕು ತುಂಬಿರಬೇಕು. ಅರ್ಧ ಖಾಲಿ ಟ್ಯಾಂಕಿನಲ್ಲಿ ನಮ್ಮ ತೇವಕ್ಕೆ ನೀರು ಕೂರುತ್ತದೆ.

ಕೆಲವರಿಗೆ ಈಗ ಬೇಡವೆಂದೇ ಹೇಳಬೇಕು. ಕಾರವಾರದ ಅಪಾರ್ಟ್‌ಮೆಂಟಿನಲ್ಲಿ ಸ್ವಂತ ಪಾರ್ಕಿಂಗ್ ಇಲ್ಲದವರು, ವಾರಕ್ಕೆರಡು ಸಲ ರಾತ್ರೋರಾತ್ರಿ ಬೆಂಗಳೂರಿಗೆ ಓಡುವವರು, ರಾತ್ರಿ ಹನ್ನೆರಡಕ್ಕೂ ವೋಲ್ಟೇಜು 200 ಮುಟ್ಟದ ಹಳ್ಳಿಯವರು. ಕೊನೆಯವರು ಒಂದು ವಾರ ದಿನಕ್ಕೆ ಮೂರು ಹೊತ್ತು ವೋಲ್ಟೇಜು ಬರೆದು, ಅಕ್ಕಪಕ್ಕದ ಮನೆಯವರ ಸಹಿಯೊಂದಿಗೆ ಹೆಸ್ಕಾಂ ಉಪವಿಭಾಗಕ್ಕೆ ಅರ್ಜಿ ಕೊಡಲಿ. ಟ್ರಾನ್ಸ್‌ಫಾರ್ಮರ್ ಅಥವಾ ಲೈನು ಸುಧಾರಿಸಿದ ಮೇಲೆ ಮತ್ತೆ ಅಳೆದು ನೋಡಿ ಗಾಡಿ ಬುಕ್ ಮಾಡಲಿ.